ಸಾಮಾನು ಇಳಿಸುವುದಾ, ಹಿಚ್ ಬದಲಿಸುವುದಾ, ದೊಡ್ಡ ಟ್ರಕ್ ಕೊಳ್ಳುವುದಾ?

ಟ್ರಾವೆಲ್ ಟ್ರೇಲರ್ (ಪ್ರವಾಸದಲ್ಲಿ ತಂಗಲು ಟ್ರಕ್ ಹಿಂದೆ ಕಟ್ಟಿ ಎಳೆಯುವ ಗಾಡಿ) ಒಯ್ಯುವಾಗ, ಎಳೆಯುವ ಶಕ್ತಿ ಇನ್ನೂ ಉಳಿದಿರುವಾಗಲೇ ಟ್ರಕ್‌ನ ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ) ಮುಗಿದುಹೋಗುತ್ತದೆ, ಅಲ್ವಾ? ಟ್ರಾವೆಲ್ ಟ್ರೇಲರ್ ತೂಕದ ಸುಮಾರು 10–15% ಹಿಚ್ (ಟ್ರೇಲರನ್ನು ಟ್ರಕ್ಕಿಗೆ ಜೋಡಿಸುವ ಕೊಂಡಿ) ಮೇಲೆ ಕೂರುತ್ತದೆ, ಅದೂ ಪೇಲೋಡ್ ಲೆಕ್ಕಕ್ಕೇ ಸೇರುತ್ತದೆ. 3,000 ಕೆ.ಜಿ. ಟ್ರೇಲರ್‌ಗೆ ಅದು 300ರಿಂದ 450 ಕೆ.ಜಿ. ಜನ, ಸಾಮಾನು ಬೇರೆ.

ಅಗ್ಗದ ದಾರಿ ತೂಕ ಇಳಿಸುವುದು. ಟ್ರೇಲರಿನ ಟ್ಯಾಂಕಿನಿಂದ 100 ಲೀಟರ್ ನೀರು ಖಾಲಿಯಾದರೆ 100 ಕೆ.ಜಿ. ಇಳಿಯುತ್ತದೆ. ಆದರೆ ಆ ಟ್ಯಾಂಕ್, ಟ್ರೇಲರ್ ಚಕ್ರಗಳ ಹಿಂದಿದ್ದರೆ, ಖಾಲಿ ಮಾಡಿದಾಗ ಹಿಚ್ ಭಾರ ಜಾಸ್ತಿಯೇ ಆಗುತ್ತದೆ. ದಯವಿಟ್ಟು ತೂಗಿ ನೋಡಿ.

ಟ್ರಕ್ಕಿನ ಹಿಂಬದಿ ಕುಸಿಯುತ್ತಿದ್ದರೆ ಭಾರ ಹಂಚುವ ಹಿಚ್ ಒಳ್ಳೆಯದು. ಮುಂದಿನ ಆಕ್ಸಲ್‌ಗೂ ಟ್ರೇಲರ್ ಚಕ್ರಗಳಿಗೂ ಭಾರ ಹೋಗುತ್ತದೆ. ಪೇಲೋಡ್ ಮಿತಿ ಮಾತ್ರ ಏರುವುದಿಲ್ಲ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳಿದ್ದೇ ಮಿತಿ.

ಕುಟುಂಬ ದೊಡ್ಡದು, ಪ್ರತಿ ಸಲ ಮಿತಿ ದಾಟುತ್ತದೆ ಅಂದರೆ ದೊಡ್ಡ ಟ್ರಕ್ಕೇ ಬೇಕು. ಬೆಲೆ, ಇಂಧನ ಜಾಸ್ತಿ. ಅಪರೂಪದ ಪ್ರವಾಸಕ್ಕಾದರೆ ಹಗುರ ಟ್ರೇಲರ್ ಸಾಕು.