ಎವಿ, ಎಚ್‌ಡಿಎಂಐ, ಕನ್ವರ್ಟರ್: 'ನೋ ಸಿಗ್ನಲ್' ಬಂದಾಗ ಯಾವುದು ಹೇಗೆ ಕೈಕೊಡುತ್ತದೆ

ಸೆಟ್ ಟಾಪ್ ಬಾಕ್ಸನ್ನು ಟಿವಿಗೆ ಜೋಡಿಸಲು ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ದಾರಿ: ಹಳದಿ-ಬಿಳಿ-ಕೆಂಪು ಪಿನ್ನಿನ ಎವಿ ವೈರು, ಎಚ್‌ಡಿಎಂಐ ಕೇಬಲ್, ಇವೆರಡರ ನಡುವೆ ಕೂರುವ ಕನ್ವರ್ಟರ್ ಡಬ್ಬಿ. ಒಂದೇ ಬಾಕ್ಸಿಗೆ ಮೂರನ್ನೂ ಹಾಕಿ ನೋಡಿದರೆ ಚಿತ್ರ ಯಾವುದರಲ್ಲಿ ಚೆಂದ ಎಂಬುದು ತಕ್ಷಣ ಗೊತ್ತಾಗುತ್ತದೆ. ಅದರಲ್ಲಿ ಎಚ್‌ಡಿಎಂಐಗೆ ಎದುರಿಲ್ಲ. ಆದರೆ ಚಿತ್ರವೇ ಬಾರದಿದ್ದಾಗ ತಪ್ಪು ಎಲ್ಲಿದೆ ಎಂದು ತೋರಿಸಿಕೊಡುವುದರಲ್ಲಿ ಹಳೆಯ ಎವಿ ವೈರೇ ಮುಂದೆ.

ವೈರು ಕೀಳುವ ಮೊದಲು ಒಂದು ಪರೀಕ್ಷೆ. ಬಾಕ್ಸಿನ ರಿಮೋಟಿನಲ್ಲಿ ಮೆನು ಬಟನ್ ಒತ್ತಿ. ಮೆನು ಪರದೆಯ ಮೇಲೆ ಬಂತೆಂದರೆ ಟಿವಿ ಮತ್ತು ಬಾಕ್ಸಿನ ನಡುವಿನ ವೈರು ಸರಿಯಾಗಿಯೇ ಇದೆ, 'ನೋ ಸಿಗ್ನಲ್' ಎನ್ನುತ್ತಿರುವುದು ಬಾಕ್ಸು. ಆಗ ನೋಡಬೇಕಾದದ್ದು ಡಿಶ್, ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಭಾಗ), ಬಾಕ್ಸಿನ ಹಿಂದಿನ ತಿರುಪಿನ ಕನೆಕ್ಟರ್. ಆ ಕನೆಕ್ಟರಿನೊಳಗೆ ಕೇಬಲ್ಲಿನ ಹೊರ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದಿಲ್ಲ. ಮಲೆನಾಡು, ಕರಾವಳಿಯ ಜೋರು ಮಳೆಯಲ್ಲಿ ಡಿಶ್ ಸಿಗ್ನಲ್ ತಾನಾಗಿಯೇ ಬೀಳುತ್ತದೆ. ಆಗ ಟಿವಿಯ ಹಿಂದೆ ಕೈಹಾಕಿ ಏನೂ ಪ್ರಯೋಜನವಿಲ್ಲ. ಮೆನು ಕೂಡ ಬಾರದೆ, ಟಿವಿಯದೇ ಅಕ್ಷರಗಳು ಪರದೆಯಲ್ಲಿ ತೇಲುತ್ತಿದ್ದರೆ ಮಾತ್ರ ಮುಂದಿನದು. ಅದಕ್ಕೂ ಮುನ್ನ ಬಾಕ್ಸಿನ ದೀಪ ನೋಡಿ: ಸ್ಟ್ಯಾಂಡ್‌ಬೈನಲ್ಲಿರುವ ಬಾಕ್ಸ್ ಚಿತ್ರ ಕಳಿಸುವುದೇ ಇಲ್ಲ.

ಎವಿ ಕೆಡುವುದು ಅರ್ಧಂಬರ್ಧ, ಅದೇ ಅದರ ಉಪಕಾರ. ಧ್ವನಿ ಇದ್ದು ಚಿತ್ರ ಇಲ್ಲವೆಂದರೆ ಹಳದಿ ಎಳೆ ಕಡಿದಿರಬಹುದು. ಖಾತ್ರಿ ಮಾಡಿಕೊಳ್ಳಲು ಎರಡೂ ಬದಿಯಲ್ಲಿ ಹಳದಿ ಪಿನ್ ತೆಗೆದು ಅದೇ ಜಾಗಕ್ಕೆ ಕೆಂಪು ಪಿನ್ ಹಾಕಿ. ಬಣ್ಣ ಬೇರೆಯಾದರೂ ಒಳಗಿನ ತಂತಿ ಒಂದೇ ಬಗೆಯದು, ಒಂದೆರಡು ಮೀಟರ್ ದೂರಕ್ಕೆ ಚಿತ್ರವನ್ನು ಚೆನ್ನಾಗಿಯೇ ಒಯ್ಯುತ್ತದೆ. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಟಿವಿಯ ಜಾಕ್ ನೋಡಿ. ಹಲವು ಎಲ್‌ಇಡಿ ಟಿವಿಗಳಲ್ಲಿ ಹಸಿರು ಜಾಕ್ ಮತ್ತು ಹಳದಿ ಜಾಕ್ ಒಂದೇ. ಹಳದಿ ಪಿನ್ ಅಲ್ಲಿಗೇ ಹೋಗಬೇಕು, ಆದರೆ ಸೋರ್ಸ್ ಪಟ್ಟಿಯಲ್ಲಿ 'ಕಾಂಪೊನೆಂಟ್' ಅಲ್ಲ, 'ಎವಿ' ಆರಿಸಬೇಕು.

ತೆಳು ಟಿವಿಗಳಲ್ಲಿ ಮೂರು ಜಾಕಿನ ಬದಲು 3.5 ಮಿ.ಮೀ.ನ ಒಂದೇ ತೂತು ಇರುತ್ತದೆ. ಅಂಗಡಿಯಲ್ಲಿ ಸಿಗುವ ವೈರು ನೋಡಲು ಒಂದೇ ಥರ, ಪಿನ್ನಿನ ಮೇಲೆ ಮೂರು ಕಪ್ಪು ಗೆರೆ. ಆದರೆ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಚಿತ್ರ ಬಾರದಿದ್ದರೆ ಬಾಕ್ಸಿನ ಹಳದಿ ಜಾಕಿಗೆ ಕೆಂಪು, ಬಿಳಿ ಪಿನ್ನುಗಳನ್ನು ಒಂದೊಂದಾಗಿ ಹಾಕಿ ನೋಡಿ, ಯಾವ ಅಪಾಯವೂ ಇಲ್ಲ. ಯಾವುದರಲ್ಲೂ ಬಾರದೆ ಬರೀ ಗುಂಯ್ ಶಬ್ದ ಬಂದರೆ ಗ್ರೌಂಡ್ (ಮೂರಕ್ಕೂ ಸೇರಿದ ಸಾಮಾನ್ಯ ತಂತಿ) ಇರುವ ಜಾಗವೇ ಬೇರೆ, ಆ ವೈರು ಆ ಟಿವಿಗೆ ಆಗುವುದಿಲ್ಲ.

ಎಚ್‌ಡಿಎಂಐ ಹೆಚ್ಚುಕಡಿಮೆ ಬಂದರೆ ಪೂರ್ತಿ, ಹೋದರೆ ಪೂರ್ತಿ. ನಡುವಿನ ಸ್ಥಿತಿ ಒಂದೇ: ಪರದೆಯಲ್ಲಿ ಬಿಳಿ ಚುಕ್ಕಿಗಳು ಮಿನುಗುವುದು, ಆಗಾಗ ಚಿತ್ರ ಹೋಗಿ ಬರುವುದು. ಅದು ಕೇಬಲ್ ಅಥವಾ ಸಡಿಲ ಪಿನ್ನಿನ ತಪ್ಪು. ಗೋಡೆಗೆ ಒತ್ತಿಕೊಂಡ ಟಿವಿಯಲ್ಲಿ ಕೇಬಲ್ ಮಡಚಿಕೊಂಡು ಪಿನ್ ಓರೆಯಾಗಿರುವುದು ತುಂಬಾ ಸಾಮಾನ್ಯ. ಎಲ್ ಆಕಾರದ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಮಾಮೂಲಿ ಬಾಕ್ಸಿಗೆ ಒಂದೂವರೆ ಮೀಟರಿನ ಸಾದಾ ಕೇಬಲ್ ಸಾಕು. ಚಿನ್ನದ ಲೇಪನಕ್ಕೆ ದುಡ್ಡು ಸುರಿಯಬೇಡಿ.

ಕೇಬಲ್ ಸರಿಯಿದ್ದೂ ಕಪ್ಪು ಪರದೆಯೇ ಇದ್ದರೆ, ಟಿವಿ ಮತ್ತು ಬಾಕ್ಸ್ ಒಂದನ್ನೊಂದು ಗುರುತಿಸಿಲ್ಲ ಎಂದರ್ಥ. ಎಚ್‌ಡಿಎಂಐನಲ್ಲಿ ಚಿತ್ರ ಹರಿಯುವ ಮೊದಲು ಟಿವಿ ತಾನು ಯಾವ ರೆಸಲ್ಯೂಷನ್ ತೋರಿಸಬಲ್ಲೆ ಎಂದು ತಿಳಿಸಬೇಕು, ನಕಲು ತಡೆಯುವ ಎಚ್‌ಡಿಸಿಪಿ ಬೀಗವೂ ಎರಡೂ ಕಡೆ ಹೊಂದಬೇಕು. ಕರೆಂಟ್ ಹೋಗಿ ಬಂದಾಗ ಎರಡೂ ಒಟ್ಟಿಗೇ ಏಳುವುದರಿಂದ ಈ ಪರಿಚಯ ಒಮ್ಮೊಮ್ಮೆ ತಪ್ಪಿಹೋಗುತ್ತದೆ. ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ, ಕೇಬಲ್ ಕಿತ್ತು ಒಂದು ನಿಮಿಷ ಬಿಡಿ. ಕೇಬಲ್ ಹಾಕಿ ಮೊದಲು ಟಿವಿ ಆನ್ ಮಾಡಿ, ಸರಿಯಾದ ಎಚ್‌ಡಿಎಂಐ ಸೋರ್ಸ್ ಆರಿಸಿ, ಆಮೇಲೆ ಬಾಕ್ಸ್. ಹೊಸ 4ಕೆ ಟಿವಿಗೆ ಹಳೆಯ ಬಾಕ್ಸ್ ಹಾಕಿದ್ದರೆ ಆ ಪೋರ್ಟಿನ 'ಎನ್‌ಹ್ಯಾನ್ಸ್ಡ್' ಸೆಟ್ಟಿಂಗನ್ನು 'ಸ್ಟ್ಯಾಂಡರ್ಡ್'ಗೆ ಇಳಿಸಿ.

ಇಷ್ಟಾದರೂ ಬಾರದಿದ್ದರೆ ಬಾಕ್ಸು ಟಿವಿಗೆ ಒಗ್ಗದ ರೆಸಲ್ಯೂಷನ್ ಕಳಿಸುತ್ತಿರಬಹುದು. ಅದನ್ನು ಬದಲಿಸಲು ಮೆನು ಬೇಕು, ಮೆನು ಕಾಣಲು ಚಿತ್ರ ಬೇಕು. ಇಲ್ಲಿ ಎವಿ ವೈರು ಕೈಹಿಡಿಯುತ್ತದೆ: ಅನೇಕ ಬಾಕ್ಸುಗಳು ಎಚ್‌ಡಿಎಂಐ ಕಪ್ಪಾಗಿದ್ದರೂ ಎವಿಯಲ್ಲಿ ಚಿತ್ರ ಕೊಡುತ್ತವೆ. ಎವಿಯಲ್ಲಿ ಸೆಟ್ಟಿಂಗ್ಸ್ ತೆರೆದು 720ಕ್ಕೆ ಇಳಿಸಿ, ಆಮೇಲೆ ಎಚ್‌ಡಿಎಂಐಗೆ ಮರಳಿ. ಅದಕ್ಕೇ ಆ ವೈರನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ.

ಕನ್ವರ್ಟರ್ ಮೂರನೆಯ ಸ್ಥಾನದ್ದು. ಬಾಕ್ಸಿನಲ್ಲಿ ಎವಿ ಮಾತ್ರ ಇದ್ದು ಟಿವಿಯಲ್ಲಿ ಎವಿ ಜಾಕ್ ಇಲ್ಲದಿದ್ದರೆ, ಅಥವಾ ಬಾಕ್ಸಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು ಟಿವಿಯಲ್ಲಿ ಅದು ಇಲ್ಲದಿದ್ದರೆ ಮಾತ್ರ ಕೊಳ್ಳಿ. ಇದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: 'ಎಚ್‌ಡಿಎಂಐ ಟು ಎವಿ' ಬೇರೆ, 'ಎವಿ ಟು ಎಚ್‌ಡಿಎಂಐ' ಬೇರೆ, ತಿರುಗಿಸಿ ಜೋಡಿಸಿದರೆ ಏನೂ ಬರುವುದಿಲ್ಲ. ಒಂದು ಬದಿ ಎಚ್‌ಡಿಎಂಐ, ಇನ್ನೊಂದು ಬದಿ ಮೂರು ಪಿನ್ ಇರುವ ಬರೀ ವೈರು, ಒಳಗೆ ಸರ್ಕ್ಯೂಟ್ ಇಲ್ಲದ್ದು, ಅಗ್ಗಕ್ಕೆ ಸಿಗುತ್ತದೆ. ಡಿಜಿಟಲ್ ಸಿಗ್ನಲ್ ಅದರಿಂದ ಬದಲಾಗುವುದಿಲ್ಲ, ಸೆಟ್ ಟಾಪ್ ಬಾಕ್ಸಿಗೆ ಅದು ದಂಡ. ಡಬ್ಬಿಗೆ 5 ವೋಲ್ಟಿನ ಯುಎಸ್‌ಬಿ ಪವರ್ ಕೊಡಿ. ಟಿವಿಯ ಯುಎಸ್‌ಬಿಯಲ್ಲಿ ಒಮ್ಮೊಮ್ಮೆ ಶಕ್ತಿ ಸಾಲದು; ಮೊಬೈಲ್ ಚಾರ್ಜರ್ ಒಳ್ಳೆಯದು. 'ಎಚ್‌ಡಿಎಂಐ ಟು ಎವಿ' ಡಬ್ಬಿಯ ಬದಿಯ ಪುಟ್ಟ ಸ್ವಿಚ್ಚನ್ನು ನಮ್ಮ ಹಳೆಯ ಟಿವಿಗಳಿಗೆ 'ಪಾಲ್' (ಭಾರತದ ಟಿವಿ ಪದ್ಧತಿ) ಕಡೆಗಿಡಿ; 'ಎನ್‌ಟಿಎಸ್‌ಸಿ' (ಅಮೆರಿಕದ ಪದ್ಧತಿ) ಕಡೆಗಿದ್ದರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಹೋಗುತ್ತದೆ.