ಪ್ಯಾಚ್ ಟೆಸ್ಟ್ ಪಾಸಾದ ಎಣ್ಣೆಯೇ ನನ್ನ ಕತ್ತು ಸುಟ್ಟಿತು

ಮುಖಕ್ಕೆ 'ನ್ಯಾಚುರಲ್' ಎಣ್ಣೆ ಕೊಳ್ಳುವವರು ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು), ಲೈಮ್, ಲೆಮನ್, ಗ್ರೇಪ್‌ಫ್ರೂಟ್ ಎಣ್ಣೆ ಇದ್ದರೆ ಹಗಲು ಹೊತ್ತು ಹಚ್ಚಬೇಡಿ. ಬರ್ಗಮಾಟ್ ಹೆಸರು ಎಷ್ಟೋ ಸಲ 'ಸಿಟ್ರಸ್ ಔರಾಂಟಿಯಮ್ ಬರ್ಗಾಮಿಯಾ' ಎಂದಿರುತ್ತದೆ.

ನಾನು ತಂದ ಎಣ್ಣೆಯ ಮೇಲೆ 'ಕೆಮಿಕಲ್ ಇಲ್ಲ, ಪರ್ಫ್ಯೂಮ್ ಇಲ್ಲ' ಎಂದು ದೊಡ್ಡದಾಗಿ ಬರೆದಿತ್ತು. ಘಮ ಮಾತ್ರ ಜೋರಾಗಿತ್ತು! ಹೊಸದೇನೇ ತಂದರೂ ನಾನು ಪ್ಯಾಚ್ ಟೆಸ್ಟ್ ಮಾಡುವವಳು. ಮೊಣಕೈ ಒಳಬದಿಗೆ ಕೆಲವು ದಿನ ಹಚ್ಚಿ ನೋಡಿದೆ. ತುರಿಕೆ ಇಲ್ಲ, ಕೆಂಪಾಗಲಿಲ್ಲ. ಆಮೇಲೆ ಮುಖ, ಕತ್ತಿಗೆ ಶುರು ಮಾಡಿದೆ. ಒಂದು ಬೆಳಿಗ್ಗೆ ಹಚ್ಚಿಕೊಂಡು ಬಿಸಿಲಲ್ಲಿ ಓಡಾಡಿ ಬಂದೆ. ಅವತ್ತು ಏನೂ ಆಗಲಿಲ್ಲ. ಮರುದಿನ ಕತ್ತಿನ ಒಂದು ಪಕ್ಕ ಉರಿ. ಅದರ ಮರುದಿನ ನೀರುಗುಳ್ಳೆ. ಕಿವಿ ಹಿಂದಿನಿಂದ ಎಣ್ಣೆ ಯಾವ ದಾರಿಯಲ್ಲಿ ಇಳಿದಿತ್ತೋ ಅದೇ ದಾರಿಯಲ್ಲಿ, ಅಷ್ಟೇ ಅಗಲಕ್ಕೆ ಗೆರೆ ಎದ್ದಿತ್ತು. ತುದಿಯಲ್ಲಿ ಹನಿ ನಿಂತ ಜಾಗ ಗುಂಡಗೆ ಊದಿತ್ತು.

ಮಾರಿದವರಿಗೆ ಫೋಟೋ ಕಳಿಸಿದೆ. "ಒಳಗಿನ ವಿಷ ಹೊರಗೆ ಬರ್ತಾ ಇದೆ ಮೇಡಂ, ನಿಲ್ಲಿಸಬೇಡಿ" ಅಂದರು. ಇಂಥ ಮಾತು ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಗುಳ್ಳೆ ಎದ್ದು ವಿಷ ಹೊರಬರುವುದು ಅಂತೆಲ್ಲ ಏನೂ ಇಲ್ಲ. ಅದು ಸುಟ್ಟ ಗಾಯ.

ಚರ್ಮದ ಡಾಕ್ಟರ್ ಗೆರೆ ನೋಡುತ್ತಲೇ, "ನಿಂಬೆ ಜಾತಿಯ ಎಣ್ಣೆ ಏನಾದ್ರೂ ಹಚ್ಚಿದ್ರಾ?" ಎಂದು ಕೇಳಿದರು. ಈ ಎಣ್ಣೆಗಳಲ್ಲಿ ಫ್ಯೂರೋಕೂಮರಿನ್ ಎಂಬ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಯುವಿಎ ಕಿರಣ ಬಿದ್ದರೆ ಜೀವಕೋಶಗಳು ಸುಡುತ್ತವೆ. ಇದು ಅಲರ್ಜಿಯಲ್ಲ. ಹಾಗಾಗಿ ಯಾರಿಗೆ ಬೇಕಾದರೂ, ಮೊದಲ ಸಲವೇ ಆಗಬಹುದು. ಯುವಿಎ ಕಿಟಕಿ ಗಾಜನ್ನೂ ದಾಟಿ ಬರುತ್ತದೆ, ಒಳಗೇ ಕೂತಿದ್ದೇನೆ ಎಂಬ ಧೈರ್ಯವೂ ಬೇಡ.

ನನ್ನ ಪ್ಯಾಚ್ ಟೆಸ್ಟ್ ಏನೂ ತೋರಿಸದೇ ಇದ್ದದ್ದು ಇದಕ್ಕೇ. ಎಣ್ಣೆ ಹಚ್ಚಿದ ಜಾಗ ತೋಳಿನ ಬಟ್ಟೆಯ ಒಳಗಿತ್ತು, ಬಿಸಿಲು ಸೋಕಲೇ ಇಲ್ಲ. ಅಲರ್ಜಿ ಹಿಡಿಯಲು ಆ ಟೆಸ್ಟ್ ಒಳ್ಳೆಯದೇ, ಆದರೆ ಈ ತೊಂದರೆ ಅದಕ್ಕೆ ಸಿಗುವುದಿಲ್ಲ.

ಇನ್ನೊಂದು ವಿಷಯ. 'ಕೋಲ್ಡ್ ಪ್ರೆಸ್ಡ್' ಅಂದರೆ ಒಳ್ಳೆಯದು ಅಂತ ಜಾಸ್ತಿ ಜನ ನಂಬಿದ್ದೇವೆ, ಅಲ್ವಾ? ಇಲ್ಲಿ ಲೆಕ್ಕ ಉಲ್ಟಾ. ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲೇ ಫ್ಯೂರೋಕೂಮರಿನ್ ಉಳಿಯುತ್ತದೆ. ಆವಿಯಲ್ಲಿ ಭಟ್ಟಿ ಇಳಿಸಿದರೆ ಅದು ಭಾರವಾದ್ದರಿಂದ ಹಿಂದೆಯೇ ಉಳಿದುಬಿಡುತ್ತದೆ. ಬರ್ಗಮಾಟ್‌ನಲ್ಲಿ ಅದನ್ನು ತೆಗೆದದ್ದಕ್ಕೆ 'ಎಫ್‌ಸಿಎಫ್' ಎಂದು ಬರೆದಿರುತ್ತಾರೆ. ಹಚ್ಚಿ ತೊಳೆಯದೆ ಬಿಡುವ ಎಣ್ಣೆ, ಕ್ರೀಮಿನಲ್ಲಿ ಮಾಮೂಲಿ ಬರ್ಗಮಾಟ್ 0.4% ಮೀರಬಾರದು ಎಂಬುದು ಸುಗಂಧ ಉದ್ಯಮದ ಸಂಸ್ಥೆ ಇಫ್ರಾದ ಮಿತಿ. 30 ಮಿಲಿ ಬಾಟಲಿಗೆ ಅದು ಸುಮಾರು 2-3 ಹನಿ, ಅಷ್ಟೇ. ಎಷ್ಟು ಹಾಕಿದ್ದೀರಿ ಎಂದು ಕೇಳಿದ್ದಕ್ಕೆ ನನಗೆ ಇನ್ನೂ ಉತ್ತರ ಬಂದಿಲ್ಲ. ಬಾದಾಮಿ, ಎಳ್ಳು, ಜೊಜೋಬಾ ಎಣ್ಣೆಗಳಿಗೆ ಈ ಕಾಟವಿಲ್ಲ.

ಗುಳ್ಳೆ ಒಣಗಿದೆ. ಕಂದು ಗೆರೆ ಮಾತ್ರ ಇದೆ, ಮಾಸಲು ತಿಂಗಳುಗಳೇ ಬೇಕಂತೆ. ಅಲ್ಲಿಯವರೆಗೆ ಬಿಸಿಲು ತಾಗಿಸಬಾರದು, ಸನ್‌ಸ್ಕ್ರೀನ್ ಬಿಡಬಾರದು, ಉಜ್ಜಬಾರದು. ಕಲೆ ಹೋಗಲು ನಿಂಬೆರಸ ಹಚ್ಚು ಎಂಬ ಸಲಹೆ ಆಗಲೇ ಬಂದಿದೆ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ, ಅದನ್ನು ಹಚ್ಚಿ ಬಿಸಿಲಿಗೆ ಹೋದರೂ ಇದೇ ಗತಿ.