ಮಿರರ್ಸ್ ಎಡ್ಜ್: ರೋಲ್ ಮಾಡೋಕೂ ಪಾಯಿಂಟ್ ಕೂಡಿಡಬೇಕಾ?

ಮಿರರ್ಸ್ ಎಡ್ಜ್ ಅಂದರೆ ಛಾವಣಿಯಿಂದ ಛಾವಣಿಗೆ ಓಡಿ, ಹಾರಿ, ಹತ್ತಿ ದಾಟುವ ಪಾರ್ಕೂರ್ ವಿಡಿಯೋ ಗೇಮ್. ಮೊದಲನೆಯದು ಬಂದಿದ್ದು 2008ರಲ್ಲಿ, ಪಿಸಿಗೆ 2009ರ ಜನವರಿಯಲ್ಲಿ. ಎರಡನೆಯದು, ಕ್ಯಾಟಲಿಸ್ಟ್, 2016ರಲ್ಲಿ. ಎರಡನ್ನೂ ನಾನು ಇವತ್ತಿಗೂ ಕಂಪ್ಯೂಟರಿನಿಂದ ತೆಗೆದಿಲ್ಲ. ಕಥೆ ಏನು, ಗ್ರಾಫಿಕ್ಸ್ ಹೇಗಿದೆ ಅಂತ ಎಷ್ಟೋ ಜನ ಬರೆದಾಗಿದೆ, ಅದನ್ನು ಬಿಡುತ್ತೇನೆ. ನಾನು ಹೇಳಬೇಕಿರುವುದು ಒಂದು ಬಟನ್ ಬಗ್ಗೆ.

ಮೊದಲ ಆಟದಲ್ಲಿ, ಪಿಸಿಯಲ್ಲಿ, ಅದು ಎಡಗಡೆಯ ಶಿಫ್ಟ್. ನಿಂತಲ್ಲೇ ಒತ್ತಿದರೆ ನಾವು ಆಡಿಸುವ ನಾಯಕಿ ಫೇತ್ ಬಗ್ಗುತ್ತಾಳೆ. ಓಡುತ್ತಾ ಒತ್ತಿದರೆ ಜಾರಿಕೊಂಡು ಪೈಪಿನ ಕೆಳಗೆ ನುಸುಳುತ್ತಾಳೆ. ಹಾರಿದ ಮೇಲೆ ಒತ್ತಿದರೆ ಕಾಲು ಮಡಚಿ ಮುಳ್ಳುತಂತಿ ದಾಟುತ್ತಾಳೆ. ಅಂಚು ಹಿಡಿದು ನೇತಾಡುವಾಗ ಒತ್ತಿದರೆ ಕೈ ಬಿಡುತ್ತಾಳೆ. ಎತ್ತರದಿಂದ ಬೀಳುವಾಗ, ಕಾಲು ನೆಲ ಮುಟ್ಟುವುದಕ್ಕೆ ಒಂಚೂರು ಮುಂಚೆ ಒತ್ತಿದರೆ ಉರುಳಿ ಎದ್ದು, ನಿಲ್ಲದೆ ಓಡುತ್ತಾಳೆ. ಕೀ ಒಂದೇ, ಯಾವಾಗ ಒತ್ತಿದಿರಿ ಅನ್ನೋದರ ಮೇಲೆ ಕೆಲಸ ಬದಲಾಗುತ್ತದೆ. ಮೇಲಕ್ಕೆ ಒಂದು ಬಟನ್, ಕೆಳಕ್ಕೆ ಒಂದು, ಹಿಂದಕ್ಕೆ ತಿರುಗೋಕೆ ಒಂದು. ಓಟಕ್ಕೆ ಇಷ್ಟು ಸಾಕು ಅಂತ ಯೋಚಿಸಿದವರಿಗೆ ನಿಜಕ್ಕೂ ಕೈ ಮುಗಿಯಬೇಕು.

ಅದರಲ್ಲೂ ಆ ರೋಲ್. ಬೇರೆ ಆಟಗಳಲ್ಲಿ ಪಾತ್ರ ಉರುಳುವುದನ್ನು ನಾವು ಹಿಂದಿನಿಂದ ನೋಡುತ್ತೇವೆ. ಇಲ್ಲಿ ಎಲ್ಲವನ್ನೂ ಫೇತ್ ಕಣ್ಣಿನಿಂದಲೇ ನೋಡುವುದರಿಂದ ನಾವೇ ಉರುಳುತ್ತೇವೆ. ಪರದೆ ಪೂರ್ತಿ ಒಂದು ಸುತ್ತು ತಿರುಗುತ್ತದೆ, ನೆಲ ಹೋಗಿ ಕಾಲು ಬಂದು ಮತ್ತೆ ದಾರಿ ಕಾಣುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ತಲೆ ಸುತ್ತಬಾರದು ಅಂತ ಪರದೆಯ ನಡುವೆ ಒಂದು ಸಣ್ಣ ಚುಕ್ಕಿ ಇಟ್ಟಿದ್ದಾರೆ, ಕಣ್ಣಿಗೆ ಅದೇ ಆಧಾರ. ರೋಲ್ ತಪ್ಪಿದರೆ ಧಪ್ ಅಂತ ಶಬ್ದ, ಫೇತ್ ನರಳುತ್ತಾಳೆ, ಅಷ್ಟು ಹೊತ್ತು ಕೂಡಿಸಿದ ವೇಗ ಎಲ್ಲಾ ಹೋಯಿತು. ಪರದೆಯ ಮೇಲೆ ಅಂಕ ಇಲ್ಲ, ಪ್ರಾಣದ ಪಟ್ಟಿ ಇಲ್ಲ. ಉಸಿರು, ಹೆಜ್ಜೆ ಸದ್ದು, ಗಾಳಿ ಇವುಗಳಿಂದಲೇ ನಾವು ಹೇಗೆ ಓಡುತ್ತಿದ್ದೇವೆ ಅಂತ ಗೊತ್ತಾಗಬೇಕು. ಹೆಡ್‌ಫೋನ್ ಹಾಕಿ ಆಡಿ ಅಂತ ನಾನು ಹೇಳೋದು ಇದಕ್ಕೇ.

ರಾತ್ರಿ ಕೆಲಸ ಮುಗಿಸಿ ಮಲಗೋ ಮುಂಚೆ ನನ್ನದು ಮೊದಲ ಆಟದಲ್ಲಿ ಒಂದು ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧದ ಓಟ, ಸಾಮಾನ್ಯವಾಗಿ ಪ್ಲೇಗ್ರೌಂಡ್ ಒನ್ ಅನ್ನೋ ಜಾಗದಲ್ಲಿ. ಹಿಂದಿನ ನನ್ನದೇ ಒಳ್ಳೆಯ ಓಟ ಘೋಸ್ಟ್ ಆಗಿ, ನೆರಳಿನಂಥ ಆಕೃತಿಯಾಗಿ, ಮುಂದೆ ಓಡುತ್ತಿರುತ್ತದೆ. ಅದನ್ನು ಹಿಡಿಯೋಕೆ ಹೊಸ ದಾರಿ ಬೇಕಾಗಿಲ್ಲ. ಒಂದು ತಿರುವಿನಲ್ಲಿ ಗೋಡೆಗೆ ಸ್ವಲ್ಪ ಬೇಗ ತಾಗಿದರೆ ಸಾಕು, ಒಂದು ಕಡೆ ಶಿಫ್ಟ್ ಸರಿಯಾದ ಹೊತ್ತಿಗೆ ಬಿದ್ದರೆ ಸಾಕು, ಅರ್ಧ ಸೆಕೆಂಡ್ ಸಿಗುತ್ತದೆ. ನನಗೆ ವಾರಕ್ಕೊಂದು ಹೊಸ ಆಟ ಕೊಳ್ಳುವ ಬಜೆಟ್ ಇಲ್ಲ, ಅಷ್ಟು ಸಮಯವೂ ಇಲ್ಲ. ಹಾಗಾಗಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಓಡಿದರೂ ಬೇಜಾರಾಗದ ಆಟ ನನಗೆ ದೊಡ್ಡದು.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಬಂದೂಕಿನವರು ಬಂದ ಕೂಡಲೇ ಮೊದಲ ಆಟ ತಡವರಿಸುತ್ತದೆ. ಬಂದೂಕು ಕಿತ್ತುಕೊಳ್ಳಬಹುದು, ಆದರೆ ಗುಂಡು ಎಷ್ಟು ಉಳಿದಿದೆ ಅಂತ ತೋರಿಸುವುದಿಲ್ಲ, ಭಾರದ ಬಂದೂಕು ಹಿಡಿದರೆ ಸರಿಯಾಗಿ ಓಡೋಕೂ ಹತ್ತೋಕೂ ಆಗೋದಿಲ್ಲ. ‘ಇದನ್ನು ಬಿಸಾಕಿ ಓಡು’ ಅಂತ ಆಟವೇ ಹೇಳುತ್ತಿದೆ, ಅದು ಸರಿ. ಒಬ್ಬರ ಮೇಲೂ ಗುಂಡು ಹಾರಿಸದೆ ಮುಗಿಸಿದರೆ ಒಂದು ಅಚೀವ್‌ಮೆಂಟ್ ಕೂಡ ಇದೆ. ಹಾಗಿದ್ದ ಮೇಲೆ ಕೊನೆಯ ಅಧ್ಯಾಯಗಳಲ್ಲಿ ಅಷ್ಟೊಂದು ಜನರನ್ನು ದಾರಿಗೆ ಅಡ್ಡ ನಿಲ್ಲಿಸಿದ್ದು ಯಾಕೆ? ಓಡೋಕೆ ಬಂದವರನ್ನು ಮೂಲೆಯಲ್ಲಿ ಕೂರಿಸಿದ ಹಾಗಾಗುತ್ತದೆ.

ನನ್ನ ನಿಜವಾದ ಸಿಟ್ಟು ಇರೋದು ಕ್ಯಾಟಲಿಸ್ಟ್ ಮೇಲೆ. ಅದರಲ್ಲಿ ರೋಲ್ ಅನ್ನು ಅಪ್‌ಗ್ರೇಡ್ ಪಟ್ಟಿಯೊಳಗೆ ಬೀಗ ಹಾಕಿಟ್ಟಿದ್ದಾರೆ. ಹಿಂದಕ್ಕೆ ತಿರುಗುವುದು, ಹಾರುವಾಗ ಕಾಲು ಮಡಚುವುದು, ಅವೂ ಹಾಗೇ. ಮಿಷನ್ ಮಾಡಿ, ಊರೆಲ್ಲಾ ಅಲೆದು ಹೊಳೆಯುವ ಗ್ರಿಡ್‌ಲೀಕ್‌ಗಳನ್ನು ಆರಿಸಿ, ಪಾಯಿಂಟ್ ಕೂಡಿಸಿ, ಆಮೇಲೆ ಮೆನು ತೆರೆದು ‘ರೋಲ್’ ಕೊಳ್ಳಬೇಕು. ಹಳೆಯ ಆಟದಿಂದ ಬಂದವರ ಬೆರಳು ಬೀಳುವಾಗ ತಾನಾಗಿ ಕೀ ಒತ್ತುತ್ತದೆ, ಸರಿಯಾದ ಹೊತ್ತಿಗೇ ಒತ್ತುತ್ತದೆ. ಏನೂ ಆಗುವುದಿಲ್ಲ. ಕಥೆಯಲ್ಲಿ ಫೇತ್ ಚಿಕ್ಕಂದಿನಿಂದ ಛಾವಣಿಗಳ ಮೇಲೆ ಓಡಿದವಳು, ಆದರೆ ಬಿದ್ದರೆ ಉರುಳಬೇಕು ಅನ್ನೋದು ಅವಳಿಗೆ ಗೊತ್ತಿಲ್ಲ!

ಇದನ್ನು ಸಮರ್ಥಿಸುವವರ ಜೊತೆ ನಾನು ಬಹಳ ವಾದ ಮಾಡಿದ್ದೇನೆ. ಹೊಸಬರಿಗೆ ಎಲ್ಲಾ ಒಂದೇ ಸಲ ಕೊಟ್ಟರೆ ಗೊಂದಲ ಆಗುತ್ತದೆ ಅನ್ನುತ್ತಾರೆ. ಮೊದಲ ಆಟದಲ್ಲಿ ಫೇತ್ ಜೊತೆಗಾತಿ ಸೆಲೆಸ್ಟ್ ಮುಂದೆ ಮುಂದೆ ಓಡಿ ತೋರಿಸುತ್ತಾಳೆ, ನಾವು ಹಿಂದೆ ಹೋಗಿ ಮಾಡುತ್ತೇವೆ, ಅಲ್ಲಿಗೆ ಪಾಠ ಮುಗಿಯಿತು. ಯಾರಿಗೂ ತಲೆಕೆಡಲಿಲ್ಲ. ಇನ್ನು ಕೆಲವರು ಬೆಳೆದ ಅನುಭವ ಸಿಗಬೇಕಲ್ವಾ ಅನ್ನುತ್ತಾರೆ. ಬೇಕು, ಒಪ್ಪುತ್ತೇನೆ. ಆದರೆ ಈ ಆಟದಲ್ಲಿ ಬೆಳೆಯೋದು ನಮ್ಮ ಕೈ. ಮೊದಲ ವಾರ ಗೋಡೆ ಹತ್ತಿ, ತಿರುಗಿ, ಎದುರಿನ ಕಟ್ಟೆಗೆ ಹಾರೋಕೆ ಹತ್ತು ಸಲ ಬಿದ್ದವರು, ತಿಂಗಳಾದ ಮೇಲೆ ಯೋಚಿಸದೆ ಹಾರುತ್ತಾರೆ. ಅದೇ ಜಾಗ, ಅದೇ ಫೇತ್, ಅದೇ ಮೂರು ಬಟನ್. ಗುಂಡಿನ ಆಟದಲ್ಲಿ ಹೊಸ ಬಂದೂಕನ್ನು ತಡವಾಗಿ ಕೊಟ್ಟರೆ ನಡೆಯುತ್ತದೆ, ಅದು ಸಾಮಾನು. ಪಾರ್ಕೂರ್ ಆಟದಲ್ಲಿ ದೇಹವನ್ನೇ ಕಂತು ಕಂತಾಗಿ ಕೊಟ್ಟರೆ ಹೇಗೆ? ದಾರಿ ಕಣ್ಣಿಗೆ ಕಾಣುತ್ತಿದೆ, ಕೈಗೆ ವಿದ್ಯೆ ಇದೆ, ಆದರೂ ಆಗದು ಅಂದರೆ ಅದು ಕಷ್ಟ ಅಲ್ಲ, ಸುಮ್ನೆ ತಡೆ.

ಇಷ್ಟು ಸಿಟ್ಟಿದ್ದರೂ ಕ್ಯಾಟಲಿಸ್ಟ್ ಅನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, ಆ ಬೀಗಗಳೆಲ್ಲ ಬಿಚ್ಚಿದ ಮೇಲೆ ಅದು ಬೇರೆಯೇ ಆಟ. ಬಂದೂಕನ್ನು ನಮ್ಮ ಕೈಗೆ ಕೊಡುವುದೇ ಇಲ್ಲ. ಅದರ ಬದಲು ಫೋಕಸ್ ಶೀಲ್ಡ್ ಅಂತ ಒಂದಿದೆ: ನಿಲ್ಲದೆ ಓಡುತ್ತಿದ್ದರೆ ಅದು ತುಂಬುತ್ತದೆ, ತುಂಬಿದಾಗ ಗುಂಡು ತಾಗುವುದಿಲ್ಲ. ನಿಂತರೆ ಕೆಟ್ಟಿರಿ. ಮೊದಲ ಆಟಕ್ಕೆ ಬೇಕಿದ್ದ ಉತ್ತರ ಇದೇ, ಎಂಟು ವರ್ಷ ತಡವಾಗಿ ಬಂತು. ಗಾರ್ಡ್‌ಗಳ ನಡುವೆ ರೇಲಿಂಗ್ ಹಾರಿ, ಒಬ್ಬನನ್ನು ಇನ್ನೊಬ್ಬನ ಮೇಲೆ ತಳ್ಳಿ, ವೇಗ ಕಳೆದುಕೊಳ್ಳದೆ ಮುಂದಿನ ಛಾವಣಿಗೆ ಹೋದಾಗ ಸಿಗುವ ಖುಷಿ ಮೊದಲ ಆಟದ ಯಾವ ಜಗಳದಲ್ಲೂ ಇಲ್ಲ. ಅಧ್ಯಾಯಗಳ ಬದಲು ಇಡೀ ನಗರ ತೆರೆದಿದೆ. ಆದರೆ ಮೊದಲ ಆಟದ ಒಂದೊಂದು ಜಿಗಿತವೂ ಅಳೆದು ಕೂರಿಸಿದ್ದು, ಇಲ್ಲಿ ಒಂದೇ ದಾರಿಯಲ್ಲಿ ಸುಮಾರು ಸಲ ಹೋಗಬೇಕಾಗುತ್ತದೆ. ನನಗೆ ಈಗಲೂ ಆ ಬಿಗಿಯೇ ಜಾಸ್ತಿ ಇಷ್ಟ.

ಹೋಗಬೇಕಾದ ದಾರಿಯ ವಸ್ತುಗಳಿಗೆ ಕೆಂಪು ಬಣ್ಣ ಬರುತ್ತದಲ್ಲ, ರನ್ನರ್ ವಿಷನ್, ಅದನ್ನು ಮೊದಲ ಸಲ ಆಡುವಾಗ ಇಟ್ಟುಕೊಳ್ಳಿ, ಎರಡನೇ ಸಲ ಆಫ್ ಮಾಡಿ. ಬಿಳಿ ಕಟ್ಟಡಗಳ ನಡುವೆ ದಾರಿ ತಾನಾಗಿ ಹೊಳೆಯೋಕೆ ಶುರುವಾಗುತ್ತದೆ.

ಮೊದಲು ಯಾವುದು ಅಂತ ಕೇಳಿದರೆ 2008ರದ್ದೇ. ಹಳೆಯದಾದ್ದರಿಂದ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ, ಡಿಸ್ಕೌಂಟ್ ಬಂದಾಗ ತಗೊಂಡರೆ ಜೇಬಿಗೂ ಭಾರವಿಲ್ಲ. ಹಾಕಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿರುವ ಫಿಸ್‌ಎಕ್ಸ್ ಆಯ್ಕೆಯನ್ನು (ಗಾಜಿನ ಚೂರು, ಬಟ್ಟೆಯಂಥವನ್ನು ನಿಜದ ಹಾಗೆ ಅಲ್ಲಾಡಿಸುವ ತಂತ್ರ) ಆಫ್ ಮಾಡಿ, ಇಲ್ಲದಿದ್ದರೆ ಗಾಜು ಒಡೆದ ಕಡೆಯೆಲ್ಲ ಆಟ ತೆವಳಬಹುದು. ಆಮೇಲೆ ಕ್ಯಾಟಲಿಸ್ಟ್‌ಗೆ ಹೋಗುವುದಾದರೆ ಮೊದಲು ಸಿಕ್ಕ ಪಾಯಿಂಟ್‌ಗಳನ್ನು ಹೊಡೆದಾಟದ ಪಟ್ಟಿಗೆ ಹಾಕಬೇಡಿ. ರೋಲ್, ಹಿಂದಕ್ಕೆ ತಿರುಗೋದು, ಕಾಲು ಮಡಚೋದು, ಈ ಮೂರನ್ನು ಮೊದಲು ಬಿಡಿಸಿಕೊಳ್ಳಿ. ಅಲ್ಲಿಯವರೆಗೆ ಈ ಆಟದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.